ಸೀಗೆಬೇಲಿಯ ಮೂರನೇ ಆಲ್ಬಮ್

ಹುಣಸೆಹಣ್ಣಿನ ಕಾಲ ಬಂತೆಂದರೆ ಕದರಮ್ಮನ ಮನೆಯ ಜಗಲಿ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಸಿಪ್ಪೆ ಬಿಡಿಸದ ಹಣ್ಣು, ಒಂದು ಕಡೆ ನಾರು, ಒಂದು ಕಡೆ ಬೀಜ, ನಡುವೆ ಕಲ್ಲು ಮುಂದಿಟ್ಟುಕೊಂಡು ಕಾಲು ಚಾಚಿ ಕೂತ ಕದರಮ್ಮ. ಕೈಯಲ್ಲಿ ಗಿಡ್ಡ ಸುತ್ತಿಗೆ. ಆ ಟಕ್ ಟಕ್ ಸದ್ದು ಶುರುವಾದರೆ ಐ.ಡಿ.ಹಳ್ಳಿಯ ಆ ಬೀದಿಯವರಿಗೆ ಶಿವರಾತ್ರಿ ಹತ್ತಿರ ಬಂತು ಅಂತ ಲೆಕ್ಕ.

ಆ ಜಗಲಿ ಮೇಲೆಯೇ ‘ಸೀಗೆಬೇಲಿ’ ಹುಟ್ಟಿದ್ದು. ಸೀಗೆಬೇಲಿ ಅಂದರೆ ಮೂವರು ಸೇರಿ ಕಟ್ಟಿದ ಬ್ಯಾಂಡು. ಹಾಡು ಬರೆದು ಹಾಡುವವನು ನವೀನ್‌ಕುಮಾರ, ಕದರಮ್ಮನ ತಂಗಿ ಗಂಗಲಕ್ಷ್ಮಿಯ ಮಗ. ಅವನ ಊರು ಪಾವಗಡದ ಕಡೆಯ ನಿಡುಗಲ್. ಪಿಯುಸಿ ಓದಲೆಂದು ದೊಡ್ಡಮ್ಮನ ಮನೆಗೆ ಬಂದವನು ಅಲ್ಲೇ ಉಳಿದುಬಿಟ್ಟ. ಈಗ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ. ಬೈಕಿನಲ್ಲಿ ಹೋಗಿ ಬರುತ್ತಾನೆ. ಹನ್ನೆರಡು ತಂತಿಯ ಗಿಟಾರು ನುಡಿಸುವವನು ಮಧುಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟ ಪ್ರಭುದೇವ್. ದಪ್ಪ ತಂತಿಯ ಗಿಟಾರು ನುಡಿಸುತ್ತ ಜೊತೆಗೆ ದನಿ ಕೂಡಿಸುವವಳು ಭವ್ಯ, ಕೊರಟಗೆರೆಯಲ್ಲಿ ಟೀಚರು. ಇವರು ಸಿನಿಮಾದ ಹಾಡು ಹಾಡಲಿಲ್ಲ, ಆರ್ಕೆಸ್ಟ್ರಾಕ್ಕೆ ಹೋಗಲಿಲ್ಲ. ತಮ್ಮ ಹಾಡು ತಾವೇ ಕಟ್ಟಿ, ತಾವೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಬಿಡುತ್ತಿದ್ದರು. ಸಿರಾ, ಮಧುಗಿರಿ ಕಾಲೇಜಿನ ಹುಡುಗರ ಬಾಯಲ್ಲಿ ಆ ಹಾಡುಗಳು ಓಡಾಡುತ್ತಿದ್ದವು.

ಪ್ರಭುದೇವನ ಗಿಟಾರು ಕದರಮ್ಮನಿಗೆ ಮೊದಲ ದಿನವೇ ಹಿಡಿಸಿತ್ತು. ಬಳೆಗಾರ ಜಗಲಿ ಮೇಲೆ ಮಲಾರ ಇಳಿಸಿ ಬಳೆ ಹರಡುವಾಗ ಗಾಜಿಗೆ ಗಾಜು ತಾಕಿ ಏಳುತ್ತದಲ್ಲ, ಅಂಥ ಸದ್ದು. ಸಂಕಟದ ಹಾಡಾದರೂ ಆ ಸದ್ದು ಕೆಳಗೆ ಹರಿಯುತ್ತಿದ್ದರೆ ಕೇಳುವವರಿಗೆ ಭಾರ ಅನ್ನಿಸುತ್ತಿರಲಿಲ್ಲ.

ಬರಬರುತ್ತ ಅವರಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ಹೊಸ ಹಾಡು ಕಟ್ಟಿದರೆ ಮೊದಲು ಕದರಮ್ಮನ ಮುಂದೆ ಹಾಡುವುದು. ಅವಳು ಹುಣಸೆಹಣ್ಣು ಬಡಿಯುತ್ತಲೇ ಕೇಳಬೇಕು. ಹಾಡಿನ ನಡುವೆ ಎಲ್ಲಾದರೂ ಅವಳ ಕೈ ತಾನಾಗಿ ನಿಂತರೆ ಹಾಡು ಉಳಿಯಿತು. ಕೊನೆಯತನಕ ಟಕ್ ಟಕ್ ನಡೆದೇ ಇದ್ದರೆ ಆ ಹಾಡನ್ನು ಬಿಡುವುದು. ‘ದೊಡ್ಡಮ್ಮ, ಬೇಕಂತ ನಿಲ್ಸಬ್ಯಾಡ ಮತ್ತೆ’ ಅಂತ ನವೀನ ರೇಗಿಸುವನು. ‘ನಿನ್ ಹಾಡಿಗೆ ನಿಲ್ಸಿದ್ರೆ ಮಂಡಿಯೋನು ನಂಗೆ ಕಾಸು ಕೊಡಲ್ಲ ಕಣ್ಲಾ’ ಅಂತ ಅವಳು. ಮೊದಲನೇ ಆಲ್ಬಮ್ಮು, ಎರಡನೇ ಆಲ್ಬಮ್ಮು ಎರಡೂ ಹೀಗೇ ಆದವು. ಮೊದಲನೆಯದನ್ನು ಜಗಲಿಗೆ ಕಂಬಳಿ ಇಳಿಬಿಟ್ಟು ಅಲ್ಲೇ ರೆಕಾರ್ಡ್ ಮಾಡಿದ್ದರು.

ಆಮೇಲೆ ಗಂಗಲಕ್ಷ್ಮಿ ತೀರಿಕೊಂಡಳು.

ಎರಡು ವರ್ಷದ ಹಿಂದಿನ ಕಾರ್ತೀಕ, ಕಡಲೆಕಾಯಿ ಕೀಳುವ ಕಾಲ. ಹೊಟ್ಟೆನೋವು ಅನ್ನುತ್ತಲೇ ಇದ್ದಳಂತೆ. ಕಾಯಿ ಮನೆಗೆ ಬರಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ ಅಂದನಂತೆ ಗಂಡ ಸಿದ್ದಗಂಗಯ್ಯ. ಆಳು ಸಿಗದ ಕಾಲ, ಮೋಡ ಬೇರೆ ಕವಿದಿತ್ತು. ಕಾಯಿ ಮನೆಗೆ ಬಂದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಡಾಕ್ಟರು ತಲೆ ಅಲ್ಲಾಡಿಸಿದರು.

ಹೆಣದ ಮುಂದೆ ಹಾಡಿಕೊಂಡು ಅಳುವುದು ಅವರ ಮನೆತನದ ಹೆಂಗಸರಿಗೆ ನಡೆದು ಬಂದದ್ದು. ಅದರಲ್ಲಿ ಕದರಮ್ಮ ಹೆಸರುವಾಸಿ. ಅವಳು ಬಂದು ಕೂತ ಮೇಲೆಯೇ ಸಾವಿನ ಮನೆ ಸಾವಿನ ಮನೆಯಾಗುವುದು ಅನ್ನುತ್ತಿದ್ದರು. ಆ ಹಾಡಿನಲ್ಲಿ ಹೊಗಳಿಕೆ ಇರುತ್ತದೆ, ಬೈಗುಳವೂ ಇರುತ್ತದೆ. ಸತ್ತವರಿಗೆ ಯಾರು ಏನು ಮಾಡಿದರು, ಏನು ಮಾಡದೆ ಹೋದರು ಎಲ್ಲವನ್ನೂ ಹೆಸರು ಹಿಡಿದೇ ಹೇಳಬಹುದು. ಆದರೆ ಅದು ಸತ್ತವರಿಗೆ ಹೇಳುವ ಮಾತು, ಬದುಕಿದ್ದವರಿಗಲ್ಲ. ಮಣ್ಣು ಮಾಡಿ ಬಂದ ಮೇಲೆ ಯಾರ ಹೆಸರು ಹಿಡಿದು ಅಂದಿದ್ದಳೋ ಅವರೇ ಚೊಂಬಿನಲ್ಲಿ ನೀರು ತಂದು ಹಾಡಿದವಳ ಕೈಗೆ ಹೊಯ್ಯಬೇಕು. ಅವಳು ಬಾಯಿ ಮುಕ್ಕಳಿಸಿ ಉಗಿಯಬೇಕು. ಅಲ್ಲಿಗೆ ಆ ಮಾತು ಹೋಯಿತು. ಆಮೇಲೆ ಅದನ್ನು ಯಾರೂ ಎತ್ತುವ ಹಾಗಿಲ್ಲ, ಹಾಡಿದವಳು ಕೂಡ.

ಅವತ್ತು ಕದರಮ್ಮ ಸಿದ್ದಗಂಗಯ್ಯನನ್ನು ಬಿಟ್ಟಿರಲಿಲ್ಲ. ಸಂಜೆ ಅವನೇ ಚೊಂಬು ಹಿಡಿದು ಬಂದ. ಅವನು ಹೊಯ್ದ ನೀರು ಅವಳ ಮೊಣಕೈತನಕ ಇಳಿಯಿತು. ಇಬ್ಬರೂ ಒಂದೇ ತಟ್ಟೆಯಿಂದ ಮಂಡಕ್ಕಿ ತಿಂದರು. ಅಲ್ಲಿಂದ ಮುಂದೆ ಅವನ ಹೊಲದ ಹುಣಸೆಮರದ ಹಣ್ಣು ವರ್ಷಾ ವರ್ಷಾ ಕದರಮ್ಮನ ಜಗಲಿಗೇ ಬರುತ್ತಿತ್ತು. ಬಂದಾಗಲೆಲ್ಲ ಅವನು ಒಂದು ಹೊತ್ತು ಕೂತು, ಅವಳ ತಂಗಿಯ ಮಾತು ಎರಡು ಆಡಿ ಹೋಗುವನು. ಗಂಗಲಕ್ಷ್ಮಿಯನ್ನು ನೆನೆಸಿ ಮಾತಾಡಲು ಕದರಮ್ಮನಿಗೆ ಲೋಕದಲ್ಲಿ ಉಳಿದಿದ್ದ ಒಬ್ಬನೇ ಮನುಷ್ಯ ಅವನು. ನವೀನ ಅಮ್ಮನ ಮಾತೇ ಎತ್ತುತ್ತಿರಲಿಲ್ಲ. ಅಪ್ಪ ಬಂದ ದಿನ ಅವನಿಗೆ ಪಾರ್ಕಿನಲ್ಲಿ ಏನಾದರೂ ಕೆಲಸ ಇದ್ದೇ ಇರುತ್ತಿತ್ತು.

ಮೂರನೇ ಆಲ್ಬಮ್ಮಿಗೆ ಹುಡುಗರು ಜಗಲಿಗೆ ಬರಲಿಲ್ಲ. ತುಮಕೂರಿನಲ್ಲಿ ಸ್ಟುಡಿಯೋ ಹಿಡಿದು ಶನಿವಾರ ಭಾನುವಾರ ಅಲ್ಲೇ ಮಾಡಿದರು. ಕದರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಕೆಲಸ ಇರುವ ಮಕ್ಕಳು, ಪುರುಸೊತ್ತಿಲ್ಲ ಅಂದುಕೊಂಡಳು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಮೂವರೂ ಬಂದರು. ಚೊಂಬಿನ ಗಾತ್ರದ ಒಂದು ಸ್ಪೀಕರನ್ನು ಬೀಜದ ಮೂಟೆ ಮೇಲೆ ಇಟ್ಟರು.

‘ಶುಕ್ರವಾರ ಬುಡ್ತೀವಿ ಅಮ್ಮ, ಅದಕ್ಕೆ ಮುಂಚೆ ನಿಮ್ ಮುಂದೆ ಆಗ್ಬೇಕಲ್ಲ’ ಅಂದ ಪ್ರಭುದೇವ್.

‘ಎಲ್ಲಾ ಮುಗಿಸ್ಕಂಡು ಬಂದು ಈಗ ಪರೀಕ್ಷೆ ಬರಿತೀವಿ ಅಂತೀರಾ. ಹಾಕ್ರಪ್ಪ’ ಅಂದು ಕದರಮ್ಮ ಸುತ್ತಿಗೆ ಎತ್ತಿಕೊಂಡಳು.

ಮೊದಲ ಹಾಡಿನಲ್ಲಿ ಬಳೆಯ ಸದ್ದು ಬಂತು, ಬಂದ ಹಾಗೇ ಹೋಯಿತು. ಮೇಲೆ ಮದುವೆ ಮೆರವಣಿಗೆಯ ಹಾಗೆ ಧಡ್ ಧಡ್ ಏನೋ ಕೂತಿತ್ತು. ಟಕ್ ಟಕ್ ನಡೆದೇ ಇತ್ತು. ಎರಡನೆಯದು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಶುರುವಾಗಿ, ಮತ್ತೆ ಮುಗಿದು, ಮತ್ತೆ ಶುರುವಾಯಿತು. ಮೂರನೆಯದು ಭವ್ಯಳದೇ ಹಾಡು, ಕೊರಟಗೆರೆ ಬಸ್ಸಿನ ಕಿಟಕಿ ಪಕ್ಕ ಕೂತವಳ ಹಾಡು, ಬಲು ಚಿಕ್ಕದು. ಅದಕ್ಕೆ ಸುತ್ತಿಗೆ ಸ್ವಲ್ಪ ನಿಧಾನವಾಯಿತು.

‘ಅರ್ಧ ಪಾಸು’ ಅಂದ ಪ್ರಭುದೇವ್.

‘ನಿಮ್ಮ ಹನ್ನೆರಡು ತಂತಿಗೆ ಅದೂ ಬಂದಿಲ್ಲ, ಸುಮ್ನಿರಿ’ ಅಂದಳು ಭವ್ಯ.

ಆಮೇಲಿನವು ಒಂದರ ಹಿಂದೆ ಒಂದು ಹೋದವು. ಒಂದರಲ್ಲಿ ನವೀನನ ದನಿಗೆ ಏನೋ ಯಂತ್ರ ಕಟ್ಟಿ ಬಾವಿಯೊಳಗಿಂದ ಹಾಡಿದ ಹಾಗೆ ಮಾಡಿದ್ದರು. ಇನ್ನೊಂದು ಎರಡನೇ ಆಲ್ಬಮ್ಮಿನ ಹಾಡೇ, ಪದ ಬೇರೆ.

‘ಇದು ನಿನ್ನೆ ಸಾರು ಬಿಸಿ ಮಾಡ್ದಂಗೈತೆ ಕಣ್ಲಾ ನವೀನಾ.’

ನವೀನ ನಗಲಿಲ್ಲ. ‘ಇನ್ನೊಂದೈತೆ, ಕೇಳು’ ಅಂದ. ಅವನು ದೊಡ್ಡಮ್ಮನ ಮುಖ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ.

ಕೊನೆಯ ಹಾಡು. ಗಿಟಾರು ಒಂದೇ, ನಿಧಾನ. ಬಳೆಗಳನ್ನು ಒಂದೊಂದಾಗಿ ಎತ್ತಿ ಇಟ್ಟ ಹಾಗೆ. ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ ಆ ಸದ್ದು ಅನ್ನಿಸಿತು ಕದರಮ್ಮನಿಗೆ. ಆಮೇಲೆ ಒಬ್ಬ ಹೆಂಗಸಿನ ದನಿ ಬಂತು. ಒಡೆದ ದನಿ, ಹಿಂದೆ ಜನರ ಗುಜುಗುಜು, ಎಲ್ಲೋ ಒಂದು ಕೋಳಿ.

*ಕಾಯಿ ಬಂತು ಕಣೇ ಮನೆಗೆ, ನೀ ಬರ್ಲಿಲ್ಲವಲ್ಲೇ*
*ಮೂಟೆ ಕಟ್ಟಿ ಇಟ್ಟವ್ನೆ, ನಿನ್ನ ಕಟ್ಟಲಿಲ್ಲವಲ್ಲೇ*

ಕದರಮ್ಮನ ಕೈ ನಿಂತಿತು.

ಇದು ಯಾರಪ್ಪ ಇಷ್ಟು ಚೆನ್ನಾಗಿ ಹೇಳಿಕೊಂಡು ಅಳುತ್ತಾಳೆ ಅನ್ನಿಸಿದ್ದು ಒಂದು ಗಳಿಗೆ. ಮರುಗಳಿಗೆ ಗೊತ್ತಾಯಿತು. ದನಿ ಅವಳದೇ. ಗಂಗಲಕ್ಷ್ಮಿಯ ಕಾಲ ಬಳಿ ಕೂತು, ಅಂಗಳದ ಜನರ ಮುಂದೆ, ಒಂದೇ ಒಂದು ಸಲ ಅಂದ ಮಾತು. ಇಲ್ಲಿ ಅದು ಮತ್ತೆ ಬಂತು. ಇನ್ನೊಂದು ಸಾಲಾದ ಮೇಲೆ ಮತ್ತೆ ಬಂತು. ಹಾಡಿನ ಪಲ್ಲವಿಯೇ ಅದು. ಕೊನೆಯಲ್ಲಂತೂ ನವೀನ, ಭವ್ಯ ಇಬ್ಬರೂ ದನಿ ಕೂಡಿಸಿ ಹಿಗ್ಗಿಸಿ ಹಿಗ್ಗಿಸಿ ಹಾಡಿದ್ದರು.

ಹಾಡು ಮುಗಿಯಿತು. ನವೀನನೇ ಮೆಲ್ಲಗೆ ಅಂದ: ‘ನಿನ್ ಕೈ ನಿಂತ್ಕಂತು ದೊಡ್ಡಮ್ಮ.’

‘ಅವತ್ತು ಮೊಬೈಲ್ ಇಟ್ಕಂಡಿದ್ದೇನ್ಲಾ? ನಿಮ್ಮವ್ವ ಅಂಗೆ ಮಲಗಿರುವಾಗ?’

‘ಜೇಬಲ್ಲಿತ್ತು. ಆನ್ ಮಾಡ್ದೆ. ಯಾಕೆ ಮಾಡ್ದೆ ಅಂತ ನಂಗೂ ಗೊತ್ತಿಲ್ಲ.’

‘ತೆಗೆದುಬುಡು ಇದ್ನ.’

ಭವ್ಯ ತಿರುಗಿ ನವೀನನ ಮುಖ ನೋಡಿದಳು. ‘ಅಮ್ಮ ಒಪ್ಪವ್ರೆ ಅಂದ್ಯಲ್ಲ ನೀನು. ಅವರೇ ಹಾಕು ಅಂದ್ರು ಅಂದೆ.’

‘ಕೇಳಿದ್ರೆ ಒಪ್ತಾರೆ ಅಂತ ಗೊತ್ತಿತ್ತು.’

‘ಅದು ಬೇರೆ ಮಾತು, ನವೀನ್.’ ಪ್ರಭುದೇವ್ ಸ್ಪೀಕರನ್ನು ಆರಿಸಿದ. ಅವನು ಕದರಮ್ಮನ ಕಡೆ ನೋಡಲಾರದೆ ನೆಲದ ಬೀಜಗಳನ್ನು ಒಟ್ಟು ಮಾಡತೊಡಗಿದ. ‘ನಮಗೆ ಗೊತ್ತಿರ್ಲಿಲ್ಲ ಅಮ್ಮ. ನಾವು ಸ್ಟುಡಿಯೋದಲ್ಲಿ ಇದ್ನ ಕೇಳಿ ಅತ್ತಿದ್ವಿ.’

‘ಅಳೋ ಹಾಡೇ ಅದು, ಅಳದೆ ಏನು ಮಾಡ್ತೀರಪ್ಪ’ ಅಂದಳು ಕದರಮ್ಮ.

ನವೀನನಿಗೆ ಕೋಪ ಬಂತು. ಕೋಪ ಬಂದಾಗ ಅವನು ಥೇಟು ಗಂಗಲಕ್ಷ್ಮಿಯ ಹಾಗೆ ಮೂಗು ಬಿಗಿಮಾಡುವನು. ‘ನೀನೇ ಹೇಳು, ಉಳಿದಿದ್ರಲ್ಲಿ ಏನೈತೆ? ಒಂದಕ್ಕೂ ನಿನ್ ಕೈ ನಿಲ್ಲಲಿಲ್ಲ. ನಂಗೂ ಗೊತ್ತು. ಎರಡು ವರ್ಷ ಆಯ್ತು, ನಂಗೊಂದು ಹಾಡು ಸರಿಯಾಗಿ ಹುಟ್ಟಲಿಲ್ಲ. ಇದೊಂದೇ ಹಾಡು ಇರೋದು ಇದ್ರಲ್ಲಿ. ಪದ್ಧತಿ ಅಂದ್ರೆ ಪದ್ಧತಿ ಅಲ್ವ? ಕೈ ನಿಂತ್ರೆ ಹಾಡು ಉಳಿಬೇಕು.’

ಕದರಮ್ಮನಿಗೂ ಅದು ಗೊತ್ತಿತ್ತು. ಸುಳ್ಳಲ್ಲ ಅದು. ಇಷ್ಟು ವರ್ಷದಲ್ಲಿ ಈ ಹುಡುಗರು ತಂದದ್ದರಲ್ಲಿ ಇದರಷ್ಟು ಒಳಗೆ ಇಳಿದ ಹಾಡು ಇನ್ನೊಂದಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಒಬ್ಬರು ಮನೆಗೆ ಕನ್ನ ಹಾಕಿದರೆ ಬೈಯಬಹುದು. ಕನ್ನ ಹಾಕಿದವನು ನಿನ್ನ ಕೈಯಿಂದಲೇ ಚಿಲಕ ತೆಗೆಸಿದರೆ ಯಾರನ್ನು ಬೈಯುವುದು?

‘ನಿಮ್ಮಪ್ಪ ಬದುಕವ್ನೆ ಕಣ್ಲಾ’ ಅಂದಳು ಕೊನೆಗೆ. ‘ಆ ಮಾತಿಗೆ ಅವನು ನೀರು ಹೊಯ್ದವ್ನೆ. ಅದು ಹೋದ ಮಾತು. ಅದನ್ನ ಮತ್ತೆ ನನ್ನ ಬಾಯಲ್ಲಿ ಅನ್ನಿಸ್ತೀಯಲ್ಲ, ಊರೂರಿಗೆ.’

‘ಕೇಳ್ಲಿ ಬುಡು. ಒಂದು ಸಲವಾದ್ರೂ ಕೇಳ್ಲಿ.’

‘ನೀನು ಕೇಳಬೇಕಾಗಿತ್ತು ಅವನ್ನ. ಎದುರಿಗೆ ನಿಂತ್ಕಂಡು, ನಿನ್ನ ಬಾಯಲ್ಲಿ.’

‘ಆಗ್ಲಿಲ್ಲ’ ಅಂದ ನವೀನ. ‘ನಂಗೆ ಆಗ್ಲಿಲ್ಲ ದೊಡ್ಡಮ್ಮ.’ ಎದ್ದು ಬೈಕು ಹತ್ತಿ ಹೋದ. ಉಳಿದ ಇಬ್ಬರೂ ಸ್ವಲ್ಪ ಹೊತ್ತು ಕೂತು, ಕೊಟ್ಟ ಮಜ್ಜಿಗೆ ಕುಡಿದು, ಮಾತಾಡಿ ನೋಡುತ್ತೀವಿ ಅಂತ ಹೇಳಿ ಹೋದರು.

ಮಾರನೆಯ ದಿನ ಕದರಮ್ಮ ಹುಣಸೆಹಣ್ಣಿಗೆ ಗೋಣಿತಾಟು ಮುಚ್ಚಿ ಪಾವಗಡದ ಬಸ್ಸು ಹತ್ತಿದಳು. ಹುಡುಗರು ಏನು ಮಾಡುತ್ತಾರೋ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಹಾಡು ಸಿದ್ದಗಂಗಯ್ಯನ ಕಿವಿಗೆ ಬೀಳುವ ಮೊದಲು ತಾನೇ ಹೋಗಿ ಅವನ ಮುಂದೆ ಕೂರಬೇಕು. ಹೋದ ಮಾತನ್ನು ಎತ್ತುವ ಹಾಗಿಲ್ಲ, ಎತ್ತದೆ ಹೇಳುವುದು ಹೆಂಗೆ ಅಂತ ದಾರಿಯುದ್ದಕ್ಕೂ ಕೂಡಿಸಿ ಕಳೆದಳು. ಹುಡುಗ ದಾರಿ ತಪ್ಪವ್ನೆ, ನನ್ನ ಕೇಳದೆ ಒಂದು ಕೆಲಸ ಮಾಡವ್ನೆ, ನೀನು ಏನು ಕೇಳಿದ್ರೂ ಅದು ನಾನಲ್ಲ ಅಂತ ತಿಳ್ಕ. ಇಷ್ಟು ಸಾಕು ಅನ್ನಿಸಿತು. ಸಿದ್ದಗಂಗಯ್ಯ ತಿಳಿದವನು, ಉಳಿದದ್ದು ಅವನೇ ಅರ್ಥ ಮಾಡಿಕೊಳ್ಳುತ್ತಾನೆ.

ಪಾವಗಡದಲ್ಲಿ ಇಳಿದು ಆಟೋ ಹಿಡಿದು ನಿಡುಗಲ್ಲಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವಳು ಯಾವಾಗ ಬಂದೆ ಅಂತ ತೆಲುಗಿನಲ್ಲಿ ‘ಎಪ್ಪುಡೊಸ್ತಿವಿ ಕದರಮ್ಮಾ’ ಅಂದಳು, ಯಾವಾಗಲೂ ಅನ್ನುವ ಹಾಗೆಯೇ. ಆದರೆ ‘ಈಗ್ತಾನೆ ಕಣಮ್ಮ’ ಅನ್ನುವಷ್ಟರಲ್ಲಿ ತಲೆ ಬಗ್ಗಿಸಿ ಅಕ್ಕಿಯೊಳಗೆ ಕಲ್ಲು ಹುಡುಕತೊಡಗಿದಳು.

ಸಿದ್ದಗಂಗಯ್ಯ ಪಡಸಾಲೆಯಲ್ಲಿ ಕೂತಿದ್ದ. ಹುಣಸೆಹಣ್ಣು ಮೂಟೆ ಕಟ್ಟಿ ಗೋಡೆಗೆ ಒರಗಿಸಿತ್ತು.

‘ಬಾ ಅಕ್ಕಾ’ ಅಂದ. ಎದ್ದೇಳಲಿಲ್ಲ.

ಕದರಮ್ಮ ಹೊಸಿಲ ಬಳಿ ಕೂತಳು. ಕೂಡಿಸಿಕೊಂಡು ಬಂದಿದ್ದ ಮಾತು ಶುರು ಮಾಡಿದಳು. ‘ನವೀನ ಒಂದು ಕೆಲಸ ಮಾಡವ್ನೆ ಸಿದ್ದಗಂಗಯ್ಯ, ನನ್ನ ಕೇಳದೆ…’

‘ಕಳಿಸಿದ್ದ’ ಅಂದ ಅವನು.

‘ಏನು?’

‘ಹಾಡು. ಎಂಟು ದಿನ ಆಯ್ತು. ಮೊಬೈಲಿಗೆ ಕಳಿಸಿದ್ದ. ನಂಗೆ ತೆಗೆಯೋಕೆ ಬರಲ್ಲ, ಪಕ್ಕದ ಮನೆಯೋರ ಕೈಲಿ ತೆಗೆಸ್ದೆ. ಮಗ ಹಾಡು ಕಳಿಸವ್ನೆ ಅಂತ ಖುಷಿಯಾಗಿ ಅವ್ರನ್ನೂ ಕೂರಿಸ್ಕಂಡು ಕೇಳ್ದೆ.’

ಕದರಮ್ಮ ದಿನ ಎಣಿಸಿದಳು. ಭಾನುವಾರ ಜಗಲಿ ಮೇಲೆ ಕೂತು ಅವಳ ಕೈ ನೋಡುತ್ತಿದ್ದಾಗ ಹುಡುಗ ಆಗಲೇ ಕಳಿಸಿ ಮುಗಿಸಿದ್ದ. ಅವಳ ಮುಂದೆ ಹಾಕಿದ್ದು ಒಪ್ಪಿಗೆ ಕೇಳುವುದಕ್ಕಲ್ಲ.

‘ನಂಗೊತ್ತಿಲ್ಲ ಕಣಪ್ಪ. ಅವನು ಕದ್ದು ಇಟ್ಕಂಡಿದ್ದ. ನಿನ್ನೆ ಕೇಳ್ದೆ ನಾನು, ನಿನ್ನೆ.’

‘ಕೆಳಗೆ ನಿನ್ನ ಹೆಸ್ರು ಐತಂತೆ ಅಕ್ಕಾ. ಓದಿ ಹೇಳಿದ್ರು. ಹಾಡಿದವರು ಕದರಮ್ಮ ಅಂತ.’

‘ಹಾಕವ್ನೆ ಅವನು. ನನ್ನ ಕೇಳಿ ಹಾಕವ್ನೇನು?’

ಸಿದ್ದಗಂಗಯ್ಯ ಜಗಳ ಆಡುವ ಮನುಷ್ಯನಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

‘ಅವತ್ತು ನೀನು ಅಂದಾಗ ನಂಗೇನೂ ಅನ್ನಿಸ್ಲಿಲ್ಲ’ ಅಂದ ಅವನು. ‘ಅನ್ನಬೇಕಾದ್ದೇ ಅಂತ ತಲೆ ಬಗ್ಗಿಸ್ಕಂಡು ಕೇಳ್ದೆ. ಒಂದು ಸಲ ಅಂದೆ, ಮುಗೀತು. ಇದ್ರಲ್ಲಿ ಅದೆಷ್ಟು ಸಲ ಅಂತೀಯ ಅಕ್ಕಾ. ಮುಗೀತು ಅಂತೀನಿ, ಮತ್ತೆ ಬರ್ತೈತೆ. ಗಿಟಾರು ಬೇರೆ, ಹಬ್ಬದಂಗೆ.’

‘ಶುಕ್ರವಾರ ಬುಡಬ್ಯಾಡ್ರಿ ಅಂದಿದೀನಿ. ತೆಗೆಸ್ತೀನಿ.’

‘ತೆಗಿ. ನಾನು ಕೇಳಾಯ್ತಲ್ಲ.’

ಅವಳು ಒಳಗೆ ಹೋಗಿ ಹಂಡೆಯಿಂದ ಚೊಂಬಿನಲ್ಲಿ ನೀರು ತಂದು ಅವನ ಮುಂದಿಟ್ಟಳು. ಎರಡೂ ಕೈ ಒಡ್ಡಿ ಕೂತಳು. ಸಿದ್ದಗಂಗಯ್ಯ ಚೊಂಬನ್ನು ಬಹಳ ಹೊತ್ತು ನೋಡಿದ.

‘ಎಷ್ಟು ಸಲ ಹೊಯ್ಯಲಿ ಅಕ್ಕಾ’ ಅಂದ. ‘ಅದು ಹಾಡ್ದಾಗಲೆಲ್ಲ ಬಂದು ಹೊಯ್ಯಲಾ?’

ಕದರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಬರುವಾಗ ಗೋಡೆಗೆ ಒರಗಿಸಿದ ಮೂಟೆಗಳ ಕಡೆ ಅವನೂ ನೋಡಲಿಲ್ಲ, ಅವಳೂ ಕೇಳಲಿಲ್ಲ. ಆ ವರ್ಷ ಆ ಹಣ್ಣು ಹಿಂದೂಪುರದ ವ್ಯಾಪಾರಿಗೆ ಹೋಯಿತಂತೆ.

ಶುಕ್ರವಾರ ಬೆಳಿಗ್ಗೆ ಭವ್ಯ ಫೋನು ಮಾಡಿದಳು. ‘ಆ ಹಾಡು ತೆಗೆಸಿದೀವಿ ಕಣಮ್ಮ. ಅದಿದ್ರೆ ನಾನೂ ಪ್ರಭುದೇವೂ ಇರಲ್ಲ ಅಂದ್ವಿ.’

‘ಒಳ್ಳೇದಾಯ್ತು ಕಣವ್ವ’ ಅಂದಳು ಕದರಮ್ಮ. ನಿಡುಗಲ್ಲಿನ ಮಾತು ಹೇಳಲಿಲ್ಲ. ಆ ಹುಡುಗಿ ತನಗೋಸ್ಕರ ಜಗಳ ಆಡಿ ತೆಗೆಸಿದ್ದಾಳೆ, ತೆಗೆಸಿದ್ದರಿಂದ ಏನೂ ಆಗಲಿಲ್ಲ ಅಂತ ಹೆಂಗೆ ಹೇಳುವುದು?

ಆಲ್ಬಮ್ಮು ಬಂತು. ಸೀಗೆಬೇಲಿ ಮೊದಲಿನ ಹಾಗಿಲ್ಲ, ಬಸ್ಸಿನ ಹಾಡೊಂದು ಬಿಟ್ಟರೆ ಬರೀ ಗಲಾಟೆ ಅಂತ ಕೇಳಿದವರು ಬರೆದರಂತೆ. ಮಧುಗಿರಿಯ ಕಾಲೇಜು ಹುಡುಗರು ಹಳೆಯ ಹಾಡುಗಳನ್ನೇ ಹಾಡಿಕೊಂಡಿದ್ದರು. ನವೀನ ಪಾವಗಡದಲ್ಲಿ ರೂಮು ಮಾಡಿದ. ಕದರಮ್ಮ ರೇಷನ್ ತರಲು ಹೋಗಿದ್ದ ದಿನ ಬಂದು ಬಟ್ಟೆ, ಗಿಟಾರು ತೆಗೆದುಕೊಂಡು ಹೋಗಿದ್ದ. ಬಾಗಿಲು ನೀಟಾಗಿ ಮುಂದಕ್ಕೆ ಎಳೆದಿದ್ದ, ಬೀಗದ ಕೈ ಇಡುವ ಜಾಗದಲ್ಲೇ ಇಟ್ಟಿದ್ದ.

ಯುಗಾದಿ ಕಳೆದು ಬೀದಿಯ ಕೊನೆ ಮನೆಯ ಕಮಲಾಕ್ಷಮ್ಮನ ಅತ್ತೆ ತೀರಿಕೊಂಡಳು. ವಯಸ್ಸಾದ ಜೀವ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಕದರಮ್ಮ ಬಂದಾಗ ಹೆಂಗಸರು ಸರಿದು ಹೆಣದ ಕಾಲ ಬಳಿ ಜಾಗ ಮಾಡಿದರು. ಅದು ಯಾವಾಗಲೂ ಅವಳ ಜಾಗ.

‘ಎರಡು ಮಾತು ಹೇಳ್ಕಳಮ್ಮ. ನಿನ್ ಬಾಯಲ್ಲಿ ಹೇಳಿಸ್ಕಬೇಕು ಅಂತ ಮುದುಕಿ ಮೊದ್ಲೇ ಹೇಳಿತ್ತು’ ಅಂದಳು ಕಮಲಾಕ್ಷಮ್ಮ.

ಮಾತು ಆಗಲೇ ಬಂದು ಕೂತಿತ್ತು. ಮುದುಕಿ ಮದುವೆಯಾಗಿ ಈ ಬೀದಿಗೆ ಬಂದದ್ದು, ಅವಳ ಓಲೆ ಸಾಲಕ್ಕೆ ಹೋದದ್ದು, ಹಬ್ಬಕ್ಕೂ ಬಾರದೆ ಹೋದ ದೊಡ್ಡ ಮಗ, ಆ ಮಗನನ್ನು ನೋಡಬೇಕು ಅಂತ ಬಾಗಿಲ ಕಡೆ ತಲೆ ಮಾಡಿ ಮಲಗುತ್ತಿದ್ದದ್ದು. ಮೊದಲ ಸಾಲು ಗಂಟಲಿಗೆ ಬಂದಿತ್ತು. ಆ ದೊಡ್ಡ ಮಗ ಅಲ್ಲೇ ತುಳಸಿಕಟ್ಟೆಗೆ ಒರಗಿ ನಿಂತಿದ್ದ, ಬೈಸಿಕೊಳ್ಳಲು ತಯಾರಾದವನ ಹಾಗೆ ತಲೆ ತಗ್ಗಿಸಿ. ಅವನ ಹಿಂದೆ ಚಟ್ಟಕ್ಕೆ ಬೊಂಬು ಹೊತ್ತು ಬಂದವರಲ್ಲಿ ನವೀನನೂ ಇದ್ದ. ಸಾವು ಅಂದರೆ ಬರಲೇಬೇಕಲ್ಲ, ಬಂದಿದ್ದ. ಅವನ ಅಂಗಿಯ ಜೇಬಿನಲ್ಲಿ ಮೊಬೈಲು ಇತ್ತು. ಎಲ್ಲರ ಜೇಬಿನಲ್ಲೂ ಇತ್ತು.

ಕದರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

‘ಗಂಟಲು ಕಟ್ಟೈತೆ ಕಣಮ್ಮ. ನೀವೇ ಯಾರಾದ್ರೂ ಹೇಳ್ಕಳಿ.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸ್ವಲ್ಪ ಹೊತ್ತು ಕಾದು ಕಮಲಾಕ್ಷಮ್ಮನೇ ಶುರು ಮಾಡಿದಳು. ರಾಗ ಹಿಡಿತಕ್ಕೆ ಸಿಗಲಿಲ್ಲ. ಒಳ್ಳೆಯ ಮಾತು ನಾಲ್ಕು ಹೇಳಿ, ಯಾರ ಹೆಸರೂ ಹಿಡಿಯದೆ, ಬರೀ ಅಳುವಿಗೆ ಇಳಿದಳು. ಕದರಮ್ಮ ಮುದುಕಿಯ ತಣ್ಣನೆಯ ಕಾಲು ಹಿಡಿದುಕೊಂಡು ಮಾತಿಲ್ಲದೆ ಅತ್ತಳು. ತುಳಸಿಕಟ್ಟೆಯ ಬಳಿ ನಿಂತಿದ್ದ ದೊಡ್ಡ ಮಗ ಇಷ್ಟೇನಾ ಅನ್ನುವ ಹಾಗೆ ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ.

ಹೆಣ ಎತ್ತುವಾಗ ನವೀನ ಮುಂದಿನ ಬೊಂಬಿಗೆ ಹೆಗಲು ಕೊಟ್ಟ. ಅವಳ ಮುಂದೆ ಹಾಯುವಾಗ ಹೆಜ್ಜೆ ನಿಧಾನ ಮಾಡಿದ, ಬೈದಾದರೂ ಏನಾದರೂ ಅನ್ನಲಿ ಅಂತ ಕಾಯುವವನ ಹಾಗೆ. ಅವಳು ಅನ್ನಲಿಲ್ಲ. ಹಿಂದಿನವರು ‘ನಡೀಲಾ, ಬಿಸಿಲಾಗ್ತೈತೆ’ ಅಂದರು. ಅವನು ನಡೆದ.